ಉಪ್ಪರಿಗೆಯ ಹಲಗೆ ಗೋಡೆ ಹಾಳಾದರೆ: ಸಿಮೆಂಟ್ ಬೋರ್ಡು ಹೊಡೆಯುವ ಮೊದಲೂ ನಂತರವೂ ದೋಷ ಹುಡುಕುವ ಬಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯ ಹಳೇ ಮನೆಗಳಲ್ಲಿ ಕೆಳಗೆ ಮುರಕಲ್ಲಿನ ಗೋಡೆ, ಮೇಲೆ ಉಪ್ಪರಿಗೆಗೆ ಹಲಸಿನದೋ ಮಾವಿನದೋ ಹಲಗೆ, ಅದರ ಮೇಲೆ ಹಂಚಿನ ಮಾಡು ಇರುವುದು ಹೊಸತಲ್ಲ. ನಮ್ಮದೂ ಅಂಥದ್ದೇ ಒಂದು. ಮೊದಲೆಲ್ಲ ಮಳೆಗಾಲಕ್ಕೆ ಮುಂಚೆ ಪಡು (ಪಶ್ಚಿಮ) ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುವ ಕ್ರಮ ಇತ್ತು. ಹೆಣೆಯುವವರು ಸಿಗದೆ ಅದು ನಿಂತಿತು. ನಿಂತ ನಾಲ್ಕನೇ ಮಳೆಗಾಲಕ್ಕೆ ಹಲಗೆ ಕಪ್ಪಾಗಿ, ಉಗುರು ಹಾಕಿದರೆ ಏಳುವ ಹಂತಕ್ಕೆ ಬಂತು. ನಾನು ಹಿಂದೆ ಮುಂದೆ ನೋಡದೆ ಎಲ್ಲ ಕೀಳಿಸಿ ಫೈಬರ್ ಸಿಮೆಂಟ್ ಬೋರ್ಡು ಹೊಡೆಸಿದೆ. ಬೋರ್ಡಿಗೆ ಇವತ್ತಿಗೂ ಏನೂ ಆಗಿಲ್ಲ. ಆದರೆ ಎರಡನೇ ಮಳೆಗಾಲ ಮುಗಿಯುವಾಗ ಅದರ ಹಿಂದಿನ ಮರದ ಕಂಬ ಕೊಳೆತು ಕುಂಬಾಗಿತ್ತು. ನೀರು ಬರುವ ದಾರಿ ಹಾಗೇ ಉಳಿದಿತ್ತಲ್ಲ! ಮೊದಲು ಕಣ್ಣೆದುರು ಕೊಳೆಯುತ್ತಿದ್ದದ್ದು ಈಗ ಬೋರ್ಡಿನ ಮರೆಯಲ್ಲಿ ಕೊಳೆಯಿತು.

ಹಾಗಾಗಿ ಬೋರ್ಡಿನ ರೇಟು ವಿಚಾರಿಸುವ ಮೊದಲು ನಾಲ್ಕು ದಿನ ಗೋಡೆಯನ್ನು ನೋಡಿ. ಬೇಕಾದದ್ದು ಒಂದು ದಬ್ಬಣ, ಒಂದು ಟಾರ್ಚು, ಒಂದು ತುಂಡು ಸೀಮೆಸುಣ್ಣ, ಹಳೇ ಪೇಪರು, ತೋಟದ ನೀರಿನ ಪೈಪು. ಕೆಳಗಿನದನ್ನು ಲಕ್ಷಣದ ಪ್ರಕಾರ ಬರೆದಿದ್ದೇನೆ, ಖರ್ಚಿಲ್ಲದ ಪರೀಕ್ಷೆ ಮೊದಲು.

ಕೈ ಹಾಕುವ ಮುಂಚೆ

ಹಳೇ ಮನೆಗಳಲ್ಲಿ ವಯರಿಂಗ್ ಹಲಗೆಯ ಮೇಲೆಯೇ ಮರದ ಪಟ್ಟಿಯೊಳಗೆ ಓಡಿರುತ್ತದೆ, ಕೆಲವು ಕಡೆ ಹಲಗೆಯ ಹಿಂದೆ. ದಬ್ಬಣ ಚುಚ್ಚುವುದಿರಲಿ, ನೀರು ಬಿಡುವುದಿರಲಿ, ಉಪ್ಪರಿಗೆಯ ಲೈನು ಆಫ್ ಮಾಡಿದರೆ ಸಾಲದು, ಮೈನನ್ನೇ ಇಳಿಸಿ. ಟೆಸ್ಟರ್ ಉರಿಯಲಿಲ್ಲ ಎಂಬ ಧೈರ್ಯ ಬೇಡ. ಹೊರಗಿನ ಸರ್ವಿಸ್ ವಯರಿನ ಕ್ಲ್ಯಾಂಪು ಆ ಹಲಗೆಯಲ್ಲೇ ಕೂತಿದ್ದರೆ ಅದನ್ನು ಬಿಚ್ಚುವ ಕೆಲಸ ನಿಮ್ಮದೂ ಅಲ್ಲ, ಮರಗೆಲಸದ ಆಚಾರಿಯದ್ದೂ ಅಲ್ಲ. ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ ಹೇಳಬೇಕು. ಅಲ್ಯುಮಿನಿಯಮ್ ಏಣಿಯನ್ನು ಆ ವಯರಿನ ಹತ್ತಿರ ನಿಲ್ಲಿಸುವುದೆಂದರೆ ಕಾಯಿ ಕೊಯ್ಯುವ ಅಲ್ಯುಮಿನಿಯಮ್ ದೋಟಿಯನ್ನು ಕರೆಂಟು ಕಂಬಿಯ ಬುಡಕ್ಕೆ ಎತ್ತಿದ ಹಾಗೆಯೇ. ಅದರಿಂದ ಏನಾಗುತ್ತದೆ ಎಂದು ತೋಟ ಇರುವವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು, ಹಳೇ ಪೈಂಟು. ಮನೆಗೆ ಬಳಿಯುವ ಪೈಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಣ್ಣವನ್ನು ಒಣಗಿದ್ದಾಗ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಹುಡಿ ಎಬ್ಬಿಸಬೇಡಿ. ನೀರು ಚಿಮುಕಿಸಿ ಹೆರೆಯಿರಿ, ಕೆಳಗೆ ಟಾರ್ಪಾಲು ಹಾಸಿ, ಮಕ್ಕಳನ್ನೂ ಬಸುರಿಯರನ್ನೂ ಆ ಬದಿಗೆ ಬಿಡಬೇಡಿ. ಬಾವಿ ಪಕ್ಕದಲ್ಲಿದ್ದರೆ ಅದನ್ನೂ ಮುಚ್ಚಿ.

ಲಕ್ಷಣ: ಬಣ್ಣ ಏಳುತ್ತದೆ, ಕಪ್ಪು ಕಲೆ ಬೀಳುತ್ತದೆ

ಇದು ಎಲ್ಲರಿಗೂ ಮೊದಲು ಕಾಣುವುದು, ಎಲ್ಲರೂ ಮೊದಲು ಹೆದರುವುದು. ಕಾಲು ಭಾಗ ಸಲ ಏನೂ ಆಗಿರುವುದಿಲ್ಲ ಎಂಬುದು ನನ್ನ ಅಂದಾಜು. ಒದ್ದೆ ಬಟ್ಟೆಗೆ ಸ್ವಲ್ಪ ಸಾಬೂನು ಹಾಕಿ ಉಜ್ಜಿ. ಕಪ್ಪು ಹೋದರೆ ಅದು ಮೇಲಿನ ಬೂಷ್ಟು. ಮರದ ಒಳಗೆ ಇಳಿದಿಲ್ಲ. ತೊಳೆದು, ಚಳಿಗಾಲದ ಬಿಸಿಲಿಗೆ ಒಣಗಿಸಿ, ಬಣ್ಣ ಬಳಿದರೆ ಮುಗಿಯಿತು.

ಬಣ್ಣ ಹೇಗೆ ಏಳುತ್ತದೆ ಎಂಬುದೂ ಒಂದು ಸುಳಿವು. ಬಿಸಿಲು ತಿಂದ ಬಣ್ಣ ಹುಡಿಯಾಗಿ ಕೈಗೆ ಹತ್ತುತ್ತದೆ, ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಒಳಗಿಂದ ನೀರು ನೂಕಿದ ಬಣ್ಣ ಗುಳ್ಳೆ ಎದ್ದು ಹಪ್ಪಳದ ಹಾಗೆ ಚಕ್ಕೆಯಾಗಿ ಬರುತ್ತದೆ, ಚಕ್ಕೆಯ ಹಿಂಬದಿಯಲ್ಲಿ ಮರ ತಂಪಾಗಿರುತ್ತದೆ. ಎರಡನೆಯದಾದರೆ ಹೊರಗೆ ಎಷ್ಟು ಬಣ್ಣ ಬಳಿದರೂ ಮುಂದಿನ ಆಟಿಗೆ (ಜುಲೈ-ಆಗಸ್ಟಿನ ಮಳೆ ತಿಂಗಳಿಗೆ) ಪುನಃ ಅದೇ ಕತೆ. ಆ ಹಲಗೆಯ ಹಿಂದೆ, ಒಳಬದಿಯಲ್ಲಿ ಅಡುಗೆಮನೆಯ ಹೊಗೆ, ಬಚ್ಚಲಿನ ಹಬೆ, ಒದ್ದೆ ಬಟ್ಟೆ ಹಾಕುವ ಹಗ್ಗ ಏನಾದರೂ ಇದೆಯೇ ನೋಡಿ.

ಗೊತ್ತಾಗದಿದ್ದರೆ ಹೀಗೆ ಮಾಡಿ. ಒಂದಡಿ ಚೌಕದ ದಪ್ಪ ಪ್ಲಾಸ್ಟಿಕನ್ನು ಹಲಗೆಯ ಒಳಬದಿಗೆ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ, ಎರಡು ದಿನ ಬಿಡಿ. ಹನಿ ಪ್ಲಾಸ್ಟಿಕಿನ ಹೊರಮೈಯಲ್ಲಿ, ಅಂದರೆ ಕೋಣೆಯ ಬದಿಗೆ ಕೂತರೆ ಅದು ಮನೆಯೊಳಗಿನ ಹಬೆ. ಪ್ಲಾಸ್ಟಿಕ್ ಮತ್ತು ಮರದ ನಡುವೆ ಕೂತರೆ ನೀರು ಹಲಗೆಯೊಳಗಿಂದ ಬರುತ್ತಿದೆ.

ಲಕ್ಷಣ: ದಬ್ಬಣ ಸಲೀಸಾಗಿ ಇಳಿಯುತ್ತದೆ

ಹಲಗೆಯ ಕೆಳತುದಿ, ಆಣಿ ಹೊಡೆದ ಜಾಗ, ಕಿಟಕಿಯ ಕೆಳಗಿನ ಮೂಲೆ, ಎರಡು ಹಲಗೆ ಸೇರುವ ತುದಿ — ಈ ನಾಲ್ಕು ಕಡೆ ದಬ್ಬಣ ಒತ್ತಿ ನೋಡಿ. ಗಟ್ಟಿ ಮರ ಎದುರಿಸುತ್ತದೆ, ತೆಗೆಯುವಾಗ ಉದ್ದ ಸೀಳು ಎದ್ದು ಬರುತ್ತದೆ. ಕುಂಬಾದ ಮರದಲ್ಲಿ ದಬ್ಬಣ ಬೆಣ್ಣೆಗೆ ಇಳಿದ ಹಾಗೆ ಇಳಿದು, ಎತ್ತಿದರೆ ಗಿಡ್ಡ ತುಂಡು ಚಟ್ಟನೆ ಮುರಿಯುತ್ತದೆ. ಮೆತ್ತಗಿದ್ದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋಗಿ. ಮುಗಿದ ಮೇಲೆ ಹತ್ತು ಹೆಜ್ಜೆ ಹಿಂದೆ ಅಂಗಳದಲ್ಲಿ ನಿಂತು ನೋಡಿ.

ಈ ಗುರುತುಗಳ ಆಕಾರವೇ ಅರ್ಧ ಉತ್ತರ. ಎಲ್ಲ ಕೆಳಗಿನ ಎರಡು ಸಾಲಿನಲ್ಲಿದ್ದರೆ ಕೆಳಗಿನ ಜಗಲಿಯ ಮಾಡಿನಿಂದ ಚಿಮ್ಮುವ ನೀರು. ಕಿಟಕಿಯ ಕೆಳಗೆ ಗಡ್ಡದ ಹಾಗೆ ಇಳಿದಿದ್ದರೆ ಕಿಟಕಿಯದ್ದು. ಮೇಲಿಂದ ಕೆಳಗೆ ಒಂದೇ ಗೆರೆಯಾಗಿ ಇಳಿದಿದ್ದರೆ ಮೇಲೆ ಒಂದು ಹಂಚು ಒಡೆದಿದೆ ಎಂದು ಮಾಡು ಹತ್ತದೆಯೇ ಹೇಳಬಹುದು. ಪಡು ಬದಿ ಇಡೀ ಚುಕ್ಕಿ ಚುಕ್ಕಿಯಾಗಿ ಹರಡಿದ್ದರೆ ಅದು ಎರಚಲು, ಹಲಗೆಯ ಆಯುಷ್ಯವೇ ಮುಗಿದದ್ದು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ, ಅದೂ ಕಡಲಿನ ಬದಿಯ ಗಾಳಿಯೊಂದಿಗೆ. ಮೂಡು ಬದಿಯ ಹಲಗೆ ಅದೇ ಮರದ್ದಾದರೂ ಗಟ್ಟಿಯಾಗಿರುವುದಕ್ಕೆ ಇದೇ ಕಾರಣ. ಅದನ್ನೂ ಕಿತ್ತು ಬಿಸಾಡಬೇಡಿ.

ಮಾಯಿಶ್ಚರ್ ಮೀಟರ್ ಇರುವ ಆಚಾರಿ ಸಿಕ್ಕರೆ ಇನ್ನೂ ಒಳ್ಳೆಯದು. ಮರದ ತೇವ ಶೇಕಡಾ 20ರ ಕೆಳಗೆ ಉಳಿದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಆಟಿಯ ಮಳೆಯಲ್ಲಿ ಅಳೆದು ಹೆದರುವುದಕ್ಕಿಂತ ಜನವರಿಯಲ್ಲಿ ಅಳೆಯಿರಿ. ಒಂದು ತಿಂಗಳು ಮಳೆಯೇ ಇಲ್ಲದ ಮೇಲೂ 20 ದಾಟಿದರೆ ಆ ಜಾಗಕ್ಕೆ ಮಳೆಯಲ್ಲದ ಬೇರೆ ನೀರಿದೆ.

ಲಕ್ಷಣ: ಮಳೆ ಬಂದಾಗ ಒಳಗೆ ನೀರು

ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಬೇಕು, ಯಾಕೆಂದರೆ ನಾನು ಎಡವಿದ್ದು ಇಲ್ಲೇ.

ಮೊದಲು ಗಡಿಯಾರ ನೋಡಿ. ಪಡುಗಾಳಿ ಬೀಸಿದ ಕೂಡಲೇ ನೀರು ಕಂಡು, ಗಾಳಿ ನಿಂತ ಕೂಡಲೇ ನಿಂತರೆ ಗೋಡೆಯಲ್ಲೇ ಸಂದು ಇದೆ. ಮಳೆ ಶುರುವಾಗಿ ಅರ್ಧ ಗಂಟೆ ಕಳೆದು ಬಂದು, ಮಳೆ ನಿಂತ ಮೇಲೂ ತೊಟ್ಟಿಕ್ಕಿದರೆ ಮಾಡಿನಲ್ಲಿ ಎಲ್ಲೋ ಸೋರಿ, ಪಕ್ಕಾಸಿನ (ಹಂಚು ಹೊರುವ ಇಳಿಜಾರು ಮರದ) ಅಡಿಯಲ್ಲಿ ಹರಿದು ಗೋಡೆಗೆ ಬಂದದ್ದು. ನೀರು ಬಿದ್ದ ಜಾಗದ ನೇರ ಮೇಲೆ ತೂತು ಇರಬೇಕೆಂದಿಲ್ಲ, ನಾಲ್ಕಡಿ ಆಚೆ ಇರಬಹುದು. ಮಳೆಯೇ ಇಲ್ಲದ ದಿನವೂ ಒದ್ದೆಯಾದರೆ ಟ್ಯಾಂಕಿನ ಪೈಪು ನೋಡಿ.

ಅತಿ ಅಗ್ಗದ ರಿಪೇರಿ ಮಾಡಿನದ್ದು: ಜಾರಿದ ಹಂಚು, ಒಡೆದ ಹಂಚು, ಎರಡು ಮಾಡು ಸೇರುವ ಮೂಲೆಯ ತಗಡಿನಲ್ಲಿ ಸೇರಿದ ಎಲೆ, ಕಸ ಕಟ್ಟಿದ ದಂಬೆ (ಮಾಡಿನ ನೀರು ಹರಿಯುವ ದೋಣಿ). ನಮ್ಮ ಆಚಾರಿಯವರನ್ನು ಮೊದಲ ಸಲ ಕರೆದಾಗ ಅವರು ಗೋಡೆಯನ್ನು ನೋಡಲೇ ಇಲ್ಲ, ಅಂಗಳದಲ್ಲಿ ನಿಂತು ಕತ್ತು ಮೇಲೆ ಮಾಡಿ, "ಹಲಗೆ ಆಮೇಲೆ ನೋಡುವ ಅಣ್ಣ, ಆ ದಂಬೆಯಲ್ಲಿ ಅಶ್ವತ್ಥದ ಗಿಡ ಹುಟ್ಟಿದೆಯಲ್ಲ, ಅದಕ್ಕೆ ಎಂತ ಮಾಡುವುದು?" ಎಂದರು. ನಾನು ನಕ್ಕು ಬಿಟ್ಟುಬಿಟ್ಟಿದ್ದೆ. ಮಳೆಗಾಲದಲ್ಲಿ ಮಾತ್ರ ಯಾರನ್ನೂ ಮಾಡು ಹತ್ತಿಸಬೇಡಿ. ಪಾಚಿ ಹಿಡಿದ ಹಂಚಿನಲ್ಲಿ ಕಾಲು ನಿಲ್ಲುವುದಿಲ್ಲ.

ಮಾಡು ಸರಿ ಇದೆ, ಆದರೂ ನೀರು ಬರುತ್ತದೆ ಎಂದಾದರೆ ಪೈಪಿನ ಪರೀಕ್ಷೆ. ಬಿಸಿಲಿನ ದಿನ, ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚು ಹಿಡಿದು ಕೂತಿರಬೇಕು, ಮತ್ತೊಬ್ಬರು ಹೊರಗಿಂದ ನೀರು ಬಿಡಬೇಕು. ಮೈನು ಆಫ್ ಆಗಿರಬೇಕು ಎಂದು ಪುನಃ ಹೇಳುತ್ತೇನೆ. ಶುರು ಮಾಡುವುದು ಕೆಳಗಿಂದ. ಮೇಲಿಂದ ಬಿಟ್ಟರೆ ಗೋಡೆ ಇಡೀ ಒದ್ದೆಯಾಗಿ ಯಾವ ಸಂದಿನಿಂದ ಬಂತೆಂದೇ ಗೊತ್ತಾಗುವುದಿಲ್ಲ. ಜಗಲಿಯ ಮಾಡು ಗೋಡೆಗೆ ತಾಗುವ ಗೆರೆಗೆ ಹತ್ತು ನಿಮಿಷ. ಒಳಗಿನವರು ಒಣ ಎಂದರೆ ಕಿಟಕಿಯ ಅಡಿಪಟ್ಟಿಗೆ ಹತ್ತು ನಿಮಿಷ. ಮತ್ತೆ ಕಿಟಕಿಯ ಎರಡು ಬದಿ, ಮತ್ತೆ ಕಿಟಕಿಯ ನೆತ್ತಿ, ಮತ್ತೆ ಹಲಗೆಯ ಸಂದುಗಳು, ಕೊನೆಗೆ ಮಾಡಿನಡಿಯ ತ್ರಿಕೋನ. ನೀರು ಸುಮ್ಮನೆ ಮೇಲಿಂದ ಕೆಳಕ್ಕೆ ಹರಿಯಲಿ. ಸ್ಪ್ರಿಂಕ್ಲರ್ ಪಂಪಿನ ಒತ್ತಡದಲ್ಲಿ ಕೆಳಗಿಂದ ಮೇಲಕ್ಕೆ ಹೊಡೆದರೆ ಯಾವ ಗೋಡೆಯೂ ಸೋರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಒಳಗಿನವರು ಕೂಗಿದ ಕೂಡಲೇ ನಿಲ್ಲಿಸಿ, ಆ ಜಾಗಕ್ಕೆ ಗುರುತು ಹಾಕಿ. ಅದು ಒಣಗಿದ ಮೇಲೆ ಮಾತ್ರ ಮುಂದಿನದು.

ನಮ್ಮಲ್ಲಿ ಮೊದಲ ಹತ್ತು ನಿಮಿಷದಲ್ಲೇ ಕೂಗು ಬಂತು. ಜಗಲಿಯ ಮಾಡಿನ ಹಂಚು ಉಪ್ಪರಿಗೆಯ ಗೋಡೆಗೆ ತಾಗುವಲ್ಲಿ ಹಿಂದಿನವರು ಗಾರೆ ಮೆತ್ತಿದ್ದರು. ಮರ ಉಬ್ಬುತ್ತದೆ, ಕುಗ್ಗುತ್ತದೆ. ಗಾರೆಗೆ ಅದು ಗೊತ್ತಿಲ್ಲ, ಕೂದಲೆಳೆಯ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಇಳಿದ ನೀರು ನೇರ ಕಂಬದ ಬುಡಕ್ಕೆ. ಅಲ್ಲಿ ಇರಬೇಕಾದದ್ದು ಮಡಚಿದ ತಗಡು, ಕೆಲಸದವರು ಫ್ಲ್ಯಾಶಿಂಗ್ ಎನ್ನುವುದು. ಅದರ ಒಂದು ಮಡಿಕೆ ಗೋಡೆಯ ಹೊದಿಕೆಯ ಹಿಂದೆ ಮೇಲಕ್ಕೆ ಹೋಗಬೇಕು, ಇನ್ನೊಂದು ಹಂಚಿನ ಮೇಲೆ ಇಳಿಯಬೇಕು. ಹೊದಿಕೆಯ ಮುಂದೆ ತಗಡು ಹೊಡೆದು ಮೇಲಂಚಿಗೆ ಸಿಲಿಕೋನ್ ಎಳೆಯುವುದು ಎರಡು ವರ್ಷದ ಉಪಶಮನ ಮಾತ್ರ.

ಲಕ್ಷಣ: ಹುಡಿ ಬೀಳುತ್ತದೆ, ಮಣ್ಣಿನ ಗೆರೆ ಕಾಣುತ್ತದೆ

ರಾತ್ರಿ ಗೋಡೆಯ ಬುಡದಲ್ಲಿ ಪೇಪರು ಹಾಸಿ. ಬೆಳಗ್ಗೆ ಮೈದಾದ ಹಾಗೆ ನಯವಾದ ಹುಡಿ ಬಿದ್ದಿದ್ದರೆ, ಹಲಗೆಯಲ್ಲಿ ಗುಂಡುಸೂಜಿಯ ತಲೆಯಷ್ಟು ತೂತುಗಳಿದ್ದರೆ ಅದು ಕುಟ್ಟೆ, ಮರ ಕೊರೆಯುವ ಹುಳ. ಪೇಪರಿನಲ್ಲಿ ಏನೂ ಇಲ್ಲ, ತೂತು ಮಾತ್ರ ಇದೆ ಎಂದರೆ ಹಳೇ ಕತೆ, ಹುಳ ಬಿಟ್ಟು ಹೋಗಿದೆ. ಮರ ಗಟ್ಟಿ ಇದ್ದರೆ ಹಾಗೇ ಇರಲಿ. ಬೆರಳು ಹೋಗುವಷ್ಟು ದೊಡ್ಡ, ಕೊರೆದ ಹಾಗೆ ದುಂಡಗಿನ ತೂತು ಕಪ್ಪು ದುಂಬಿಯದ್ದು. ಅದರ ಬಗ್ಗೆ ಗಲಾಟೆ ಬೇಡ, ಹಗಲು ದುಂಬಿ ಹೊರಗೆ ಹೋದಾಗ ಮರದ ಬಿರಡೆ ಹೊಡೆದು ಮುಚ್ಚಿದರೆ ಸಾಕು.

ಮುರಕಲ್ಲಿನ ಗೋಡೆಯ ಮೇಲೆ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಗೆರೆ ಉಪ್ಪರಿಗೆಗೆ ಹತ್ತಿದ್ದರೆ ಒರಲೆ (ಗೆದ್ದಲು). ಒಂದು ಇಂಚು ಕೆರೆದು ತೆಗೆಯಿರಿ. ಎರಡು ಮೂರು ದಿನದಲ್ಲಿ ಪುನಃ ಕಟ್ಟಿದರೆ ಅದು ಸಜೀವ. ಇಲ್ಲಿ ಒಂದು ತಪ್ಪು ನಂಬಿಕೆ ಇದೆ: ಸಿಮೆಂಟ್ ಬೋರ್ಡನ್ನು ಒರಲೆ ತಿನ್ನುವುದಿಲ್ಲ, ಹಾಗಾಗಿ ಬೋರ್ಡು ಹೊಡೆದರೆ ಸಮಸ್ಯೆ ಮುಗಿಯಿತು ಎಂದು. ಬೋರ್ಡನ್ನು ತಿನ್ನುವುದಿಲ್ಲ ನಿಜ. ಬೋರ್ಡಿನ ಹಿಂದಿನ ಕತ್ತಲಲ್ಲಿ ಯಾರ ಕಣ್ಣಿಗೂ ಬೀಳದೆ ಕಂಬಕ್ಕೆ ಹತ್ತುವುದಕ್ಕೆ ಅದಕ್ಕೆ ಇನ್ನೂ ಅನುಕೂಲ.

ಕುಟ್ಟೆಗೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡಿನ ದ್ರಾವಣವನ್ನು ಬಣ್ಣ ಇಲ್ಲದ ಒಣ ಮರಕ್ಕೆ ಬಳಿಯಬಹುದು. ಮಳೆ ತಾಗುವ ಮರದಿಂದ ಅದು ತೊಳೆದು ಹೋಗುತ್ತದೆ, ಒಳಗಿನ ಚೌಕಟ್ಟಿಗೆ ಮಾತ್ರ ಸರಿ. ಒರಲೆಗೆ ನೆಲ ಮತ್ತು ಗೋಡೆ ಸೇರುವಲ್ಲಿ ಸುಮಾರು ಅಡಿಗೊಂದು ತೂತು ಕೊರೆದು ಮದ್ದು ಇಳಿಸುವುದು ಅನುಮತಿ ಇರುವವರ ಕೆಲಸ. ಬಾವಿ ಎಷ್ಟು ದೂರ ಇದೆ ಎಂದು ಅವರು ಕೇಳದಿದ್ದರೆ ನೀವೇ ಹೇಳಿ, ಯಾವ ಮದ್ದು ಎಂದು ಡಬ್ಬದ ಮೇಲಿನ ಹೆಸರು ಓದಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದರ ಫಲವನ್ನು ಈ ಜಿಲ್ಲೆ ಇನ್ನೂ ಉಣ್ಣುತ್ತಿದೆ. ಮದ್ದಿನ ಡಬ್ಬದ ಲೇಬಲು ಓದುವವರನ್ನು ಇಲ್ಲಿ ಯಾರೂ ಪುಕ್ಕಲರೆಂದು ಕರೆಯಬಾರದು.

ಲಕ್ಷಣ: ಗೋಡೆ ಉಬ್ಬಿದೆ, ಒತ್ತಿದರೆ ಅಲ್ಲಾಡುತ್ತದೆ, ಕಿಟಕಿ ಮುಚ್ಚುವುದಿಲ್ಲ

ಒಂದು ಹಲಗೆ ಸೊಟ್ಟಗಾದರೆ ಅದು ಹಲಗೆಯದ್ದು. ಮೂರು ನಾಲ್ಕು ಸಾಲು ಒಟ್ಟಿಗೆ ಹೊರಕ್ಕೆ ಬಾಗಿದ್ದರೆ, ಹಿಂದೆ ಸರಿಯಾಗಿದ್ದ ಕಿಟಕಿ ಈಗ ಮೂಲೆಯಲ್ಲಿ ಉಜ್ಜಿದರೆ, ಮಾಡಿನ ಇಳಿ ಒಂದು ಕಡೆ ತಗ್ಗಿದ್ದರೆ ಇಲ್ಲಿಗೆ ನಿಲ್ಲಿಸಿ. ಚೌಕಟ್ಟೇ ಕೂತಿದೆ. ಹಳೇ ಮನೆಗಳಲ್ಲಿ ಹಲಗೆ ಬರೀ ಹೊದಿಕೆಯಲ್ಲ, ಕಂಬಗಳನ್ನು ಓರೆಯಾಗದಂತೆ ಹಿಡಿದಿಡುವುದೂ ಅದೇ. ಮೇಲೆ ಹಂಚಿನ ಭಾರ ಇರುವಾಗ ಒಂದೇ ದಿನ ಒಂದು ಬದಿಯ ಹಲಗೆ ಎಲ್ಲ ಕಿತ್ತರೆ ಮಾಡು ವಾಲಬಹುದು. ಅನುಭವಸ್ಥ ಆಚಾರಿಯವರೋ ಸಿವಿಲ್ ಇಂಜಿನಿಯರೋ ಬಂದು ಊರುಗೋಲು ಕೊಟ್ಟ ಮೇಲೆ, ಎರಡು ಕಂಬದ ನಡುವಿನ ಭಾಗ ಒಂದೊಂದಾಗಿ ಬಿಚ್ಚಿ ಕಟ್ಟುತ್ತಾ ಹೋಗಬೇಕು. ಇದರಲ್ಲಿ ಹಣ ಉಳಿಸುವ ದಾರಿ ಇಲ್ಲ.

ಬೋರ್ಡು ಭಾರ, ಹಳೇ ಕಂಬ ತಡೆಯಲಿಕ್ಕಿಲ್ಲ ಎಂದು ಹಲವರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಒಣ ಹಲಸಿನ ಮರ ಘನಮೀಟರಿಗೆ ಸುಮಾರು 600 ಕಿಲೋ. ಒಂದಿಂಚಿನ ಹಲಗೆ ಎಂದರೆ ಚದರ ಮೀಟರಿಗೆ 15 ಕಿಲೋ. 8 ಮಿಲಿಮೀಟರಿನ ಸಿಮೆಂಟ್ ಬೋರ್ಡು 10ರಿಂದ 11 ಕಿಲೋ. ಗೋಡೆಗೆ ಭಾರ ಹೆಚ್ಚಾಗುವುದಿಲ್ಲ. ಏಣಿಯ ಮೇಲೆ ನಿಂತು 8ಕ್ಕೆ 4 ಅಡಿಯ, 30 ಕಿಲೋಗೂ ಮೀರಿದ ಶೀಟನ್ನು ಹಿಡಿಯುವವನಿಗೆ ಮಾತ್ರ ಭಾರ. ಅದಕ್ಕೆ ಇಬ್ಬರು ಬೇಕು, ಸಾರ್ವೆ (ನಿಂತು ಕೆಲಸ ಮಾಡುವ ಅಟ್ಟಣಿಗೆ) ಬೇಕು.

ಬದಲಿಸುವುದೇ ಎಂದು ತೀರ್ಮಾನವಾದರೆ

ಕಾಲು ಭಾಗಕ್ಕಿಂತ ಕಡಿಮೆ ಹಲಗೆ ಮೆತ್ತಗಾಗಿದ್ದರೆ ಅಷ್ಟನ್ನೇ ಬದಲಿಸಿ ಎನ್ನುವವನು ನಾನು. ಅದಕ್ಕಿಂತ ಹೆಚ್ಚಾದರೆ ಬೋರ್ಡು. ಕೆಲಸ ಜನವರಿಯಿಂದ ಹಿಡಿದು ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಮುಗಿಯಬೇಕು. ಒದ್ದೆ ಕಂಬದ ಮೇಲೆ ಹೊಡೆದ ಬೋರ್ಡು ಆ ಒದ್ದೆಯನ್ನು ಮುಚ್ಚಿಟ್ಟಂತೆ.

ಅಂಗಡಿಯಲ್ಲಿ ಸಿಮೆಂಟ್ ಬೋರ್ಡು ಎಂದು ಕೇಳಿದರೆ ಸೀಲಿಂಗಿಗೆ ಬಳಸುವ ಬೋರ್ಡನ್ನೂ ಕೊಟ್ಟಾರು. ಫೈಬರ್ ಸಿಮೆಂಟ್ ಚಪ್ಪಟೆ ಶೀಟಿಗೆ ಐಎಸ್ 14862 ಎಂಬ ಭಾರತೀಯ ಮಾನಕ ಇದೆ. ಅದರಲ್ಲಿ ಬಿಸಿಲು ಮಳೆಗೆ ಒಡ್ಡುವ ಹೊರಗೋಡೆಗೆ ಟೈಪ್ ಎ, ಒಳಗಿನ ಕೆಲಸಕ್ಕೆ ಟೈಪ್ ಬಿ. ಬಿಲ್ಲಿನಲ್ಲಿ ಟೈಪ್ ಎ ಎಂದು ಬರೆಸಿಕೊಳ್ಳಿ. ಪಡು ಬದಿಗೆ 8 ಮಿಲಿಮೀಟರಿಗಿಂತ ತೆಳುವಾದದ್ದು ಬೇಡ.

ಹಳೇ ಮನೆಯ ತ್ರಿಕೋನದಲ್ಲಿ ಈಗಾಗಲೇ ಬೂದು ಬಣ್ಣದ ಸಿಮೆಂಟ್ ಶೀಟು ಇದ್ದರೆ ಎಚ್ಚರ. ಈ ಬೋರ್ಡಿನ ಮೂಲವೇ ಆಸ್ಟ್ರಿಯಾದ ಲುಡ್ವಿಗ್ ಹಾಚೆಕ್ 1900ರ ಹೊತ್ತಿಗೆ ಕಂಡುಹಿಡಿದ ಕಲ್ನಾರಿನ (ಆಸ್ಬೆಸ್ಟಾಸ್) ಶೀಟು. ಕಲ್ನಾರಿನ ಜಾಗಕ್ಕೆ ಮರದ ನಾರು ಬಂದದ್ದು ಎಷ್ಟೋ ದಶಕಗಳ ನಂತರ. ಎರಡನ್ನೂ ಕಣ್ಣಿನಿಂದ ಬೇರ್ಪಡಿಸಲಾಗದು. ಹಳೆಯದೆಂದು ಕಂಡರೆ ಕಲ್ನಾರು ಎಂದೇ ತಿಳಿದು, ಕತ್ತರಿಸದೆ, ಒಡೆಯದೆ, ನೀರು ಚಿಮುಕಿಸಿ ಇಡಿಯಾಗಿ ಇಳಿಸಿ ಪ್ಲಾಸ್ಟಿಕಿನಲ್ಲಿ ಸುತ್ತಿಡಿ.

ಹೊಸ ಬೋರ್ಡಿನಲ್ಲಿ ಕಲ್ನಾರಿಲ್ಲದಿದ್ದರೂ ಮರಳಿನ ಸಿಲಿಕಾ ಇದೆ. ಗ್ರೈಂಡರ್ ಇಟ್ಟರೆ ಏಳುವ ಬಿಳಿ ಹೊಗೆಯೇ ಅದು, ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಮುಖಕ್ಕೆ ಬೈರಾಸು (ಟವೆಲು) ಸುತ್ತಿದರೆ ಪ್ರಯೋಜನ ಇಲ್ಲ, ಎನ್ 95 ಮಾಸ್ಕು ಬೇಕು. ಅಂಗಳದಲ್ಲಿ, ಗಾಳಿಗೆ ಬೆನ್ನು ಹಾಕಿ, ನೀರು ಬಿಡುತ್ತಾ ಕತ್ತರಿಸಬೇಕು. ನೇರ ಗೆರೆಯಾದರೆ ಚೂಪು ಮೊನೆಯಲ್ಲಿ ಗೀರಿ ಮುರಿಯಬಹುದು, ಹುಡಿ ಏಳುವುದು ತೀರಾ ಕಡಿಮೆ.

ಕಂಬದಿಂದ ಕಂಬಕ್ಕೆ 16 ಇಂಚು. 4 ಅಡಿಯ ಶೀಟಿಗೆ ಸರಿಯಾಗಿ ಮೂರು ಭಾಗ. ಬೋರ್ಡಿನ ಹಿಂದೆ ಗಾಳಿ ಆಡುವಂತೆ ನಿಂತ ಪಟ್ಟಿ. ಶೀಟಿನಿಂದ ಶೀಟಿಗೆ 3 ಮಿಲಿಮೀಟರು ಸಂದು. ಸ್ಕ್ರೂ ಅಂಚಿನಿಂದ ಅರ್ಧ ಇಂಚು, ಮೂಲೆಯಿಂದ ಎರಡು ಇಂಚು ಒಳಗೆ. ಕೆಳಗಿನ ಮಾಡಿನ ಹಂಚಿನಿಂದ ಎರಡು ಇಂಚು, ನೆಲದಿಂದ ಆರು ಇಂಚು ಮೇಲೆ ನಿಲ್ಲಿಸಬೇಕು. ಕತ್ತರಿಸಿದ ಪ್ರತಿ ಅಂಚಿಗೂ ಏರಿಸುವ ಮೊದಲೇ ಪ್ರೈಮರ್. ಕೆಲಸದವರು ಬೇಡ ಎನ್ನುವುದು ಹೆಚ್ಚಾಗಿ ಈ ಕೊನೆಯದನ್ನೇ, ಯಾಕೆಂದರೆ ಅದು ಯಾರಿಗೂ ಕಾಣುವುದಿಲ್ಲ.

ಬೋರ್ಡು ಹೊಡೆದ ನಂತರ ಕಾಣುವ ಲಕ್ಷಣಗಳು

ಸಂದಿನ ಗೆರೆಯುದ್ದಕ್ಕೂ ಬಿರುಕು: ಸಂದು ಬಿಡದೆ ತಾಗಿಸಿ ಹೊಡೆದು, ಮೇಲೆ ಗೋಡೆಯ ಪುಟ್ಟಿ ಎಳೆದಿದ್ದಾರೆ. ಪುಟ್ಟಿ ಕೆರೆದು, ಎಳೆದರೆ ಹಿಗ್ಗುವ, ಬಣ್ಣ ಹಿಡಿಯುವ ಸೀಲೆಂಟ್ ತುಂಬಿಸಿ. ಅಪಾಯ ಇಲ್ಲ.

ಸ್ಕ್ರೂವಿನ ಸುತ್ತ ನಕ್ಷತ್ರದ ಹಾಗೆ ಬಿರುಕು: ಅಂಚಿಗೆ ತೀರಾ ಹತ್ತಿರ ಹಾಕಿದ್ದು ಅಥವಾ ಮಿಷನಿನಲ್ಲಿ ಹೆಚ್ಚು ಒಳಗೆ ಇಳಿಸಿದ್ದು. ಪಕ್ಕದಲ್ಲಿ ಹೊಸತು ಹಾಕಿ, ಹಳೆಯದನ್ನು ತೆಗೆದು ತುಂಬಿಸಿ.

ಸ್ಕ್ರೂವಿನಿಂದ ಕೆಂಪು ಕಣ್ಣೀರು: ಉಪ್ಪಳ, ಕುಂಬಳೆ, ಮಂಜೇಶ್ವರದ ಕಡಲ ಬದಿಯವರಿಗೆ ಇದು ಬೇಗ ಬರುತ್ತದೆ. ಉಪ್ಪುಗಾಳಿಗೆ ಸಾಮಾನ್ಯ ಸ್ಕ್ರೂ ನಿಲ್ಲುವುದಿಲ್ಲ, ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕು. ಬರೀ ಬಣ್ಣ ಬಳಿದರೆ ಆರು ತಿಂಗಳು.

ಗಾಳಿಗೆ ದಡಬಡ ಸದ್ದು: ನಡುವಿನ ಕಂಬ ತಪ್ಪಿಸಿದ್ದಾರೆ. ಬೆರಳಿನಲ್ಲಿ ತಟ್ಟುತ್ತಾ ಹೋದರೆ ಟೊಳ್ಳು ಸದ್ದಿನ ಅಗಲ ಗೊತ್ತಾಗುತ್ತದೆ; ಎರಡು ಅಡಿ ಮೀರಿದರೆ ಶೀಟು ತೆಗೆದು ಪಟ್ಟಿ ಸೇರಿಸದೆ ಬೇರೆ ಉಪಾಯ ಇಲ್ಲ. ಗಾಳಿಮಳೆಗೆ ಮೊದಲು ಮಾಡಿಸಿ.

ಬಣ್ಣದ ಅಡಿಯಲ್ಲಿ ಬಿಳಿ ಉಪ್ಪು: ಬೋರ್ಡು ಒದ್ದೆಯಿದ್ದಾಗ ಬಣ್ಣ ಬಳಿದದ್ದು. ಒಣ ಬ್ರಷ್ಷಿನಲ್ಲಿ ತೆಗೆದು, ಬೇಸಗೆಯಲ್ಲಿ ಕ್ಷಾರ ತಡೆಯುವ ಪ್ರೈಮರ್ ಹಾಕಿ, ಅದರ ಮೇಲೆ ಅಕ್ರಿಲಿಕ್ ಬಣ್ಣ. ಪುನಃ ಅದೇ ಜಾಗದಲ್ಲಿ ಬಂದರೆ ಹಿಂದೆ ನೀರಿದೆ.

ಕೆಳಂಚು ಪದರ ಪದರವಾಗಿ ಬಿಡುತ್ತದೆ: ಫೈಬರ್ ಸಿಮೆಂಟ್ ನೀರು ಹೀರುವುದೇ ಇಲ್ಲ ಎಂದಲ್ಲ, ಹೀರಿದರೂ ಕೊಳೆಯುವುದಿಲ್ಲ ಎಂದಷ್ಟೇ. ಕತ್ತರಿಸಿದ ಅಂಚಿಗೆ ಪ್ರೈಮರ್ ಇಲ್ಲದೆ, ಹಂಚಿಗೆ ತಾಗಿ ಕೂತಿದ್ದರೆ ದಿನವಿಡೀ ಹೀರುತ್ತಾ ಇರುತ್ತದೆ. ಹಾಳಾದ ಎರಡು ಇಂಚು ಕತ್ತರಿಸಿ ತೆಗೆದರೆ ಅಂತರವೂ ಸಿಕ್ಕಿತು.

ಇನ್ನು ವಾಸನೆ. ಹೊರಗೆ ಒಂದು ಬಿರುಕೂ ಇಲ್ಲ, ಬಣ್ಣ ನಿನ್ನೆ ಬಳಿದ ಹಾಗಿದೆ, ಆದರೆ ಉಪ್ಪರಿಗೆಗೆ ಹತ್ತುವಾಗ ಕೊಳೆತ ಅಡಿಕೆ ಸಿಪ್ಪೆಯ ಹಾಗೆ ಒಂದು ಮುಗ್ಗಲು ವಾಸನೆ ಬರುತ್ತದೆ ಎಂದರೆ ಮೇಲಿನ ಎಲ್ಲಕ್ಕಿಂತ ಅದು ಗಂಭೀರ. ಕಾಯಬೇಡಿ. ಜಗಲಿಯ ಮಾಡಿಗೆ ತಾಗುವ ಕೆಳಗಿನ ಸಾಲಿನಲ್ಲಿ ಒಂದು ಶೀಟಿನ ಸ್ಕ್ರೂ ಬಿಚ್ಚಿ ನೋಡಿ, ಅರ್ಧ ಗಂಟೆಯ ಕೆಲಸ. ಮೂಗಿಗೆ ಬಂದದ್ದನ್ನು ನಾನು ಆ ವರ್ಷ ಒಳಗಿಟ್ಟ ಅಡಿಕೆಯದ್ದೇ ಎಂದು ಎರಡು ತಿಂಗಳು ದೂಡಿದೆ. ಬಿಚ್ಚಿದಾಗ ಬೋರ್ಡಿನ ಹಿಂದೆ ಕೆಲಸದವರು ಹೆಚ್ಚಿನ ರಕ್ಷಣೆಗೆಂದು ಹೊಡೆದ ಪಾಲಿಥೀನ್ ಶೀಟು ಇತ್ತು, ಅದರ ಒಳಮೈಯಲ್ಲಿ ಸಾಲು ಸಾಲು ಹನಿ. ಹಾಕಬೇಕಿದ್ದದ್ದು ಮಳೆ ತಡೆದು ಹಬೆಯನ್ನು ಹೊರಗೆ ಬಿಡುವ ಪೊರೆ. ಪಾಲಿಥೀನ್ ಎರಡನ್ನೂ ತಡೆಯುತ್ತದೆ. ಕಂಬದ ಬುಡಕ್ಕೆ ದಬ್ಬಣ ಹಾಕಿದೆ. ಹಿಡಿಯವರೆಗೆ ಇಳಿಯಿತು. ಪಕ್ಕದ ಕಂಬದಲ್ಲಿ ಅರ್ಧ ಇಂಚು, ಅದರಾಚೆಯದರಲ್ಲಿ ಮೊನೆ ಮಾತ್ರ. ಆಚಾರಿಯವರು ಮೊದಲ ಕಂಬವನ್ನು ಎರಡಡಿ ಎತ್ತರಕ್ಕೆ ಕತ್ತರಿಸಿ, ಬೋಗಿ ಮರದ ತುಂಡು ಜೋಡಿಸಿ, ತಗಡು ಮಡಚಿ ಕೂರಿಸಿ, ಅದೇ ಬೋರ್ಡನ್ನು ಪುನಃ ಹೊಡೆದರು.